ಮೀಸಲು ಚೀಲದ ಸ್ಯಾಂಪಲ್

ಕೆಂಪು ಅದಿರಿನ ಆ ವರ್ಷಗಳಲ್ಲಿ ಹೊಸಪೇಟೆಯವರ ಬಾಯಲ್ಲಿ ಅತಿ ಹೆಚ್ಚು ಓಡಾಡಿದ ಇಂಗ್ಲಿಷ್ ಪದ ಯಾವುದು ಅಂತ ಯಾರಾದರೂ ಕೇಳಿದರೆ, ಎರಡನೇ ಸಲ ಯೋಚಿಸದೆ 'ಸ್ಯಾಂಪಲ್' ಅನ್ನುತ್ತೇನೆ. ಲಾಡ್ಜುಗಳ ಮೆಟ್ಟಿಲ ಮೇಲೆ ಬ್ರೋಕರುಗಳು ಕರವಸ್ತ್ರ ಬಿಚ್ಚಿ ತೋರಿಸುತ್ತಿದ್ದದ್ದು ಸ್ಯಾಂಪಲ್. ಖಾನಾವಳಿಯಲ್ಲಿ ಹೊಸ ಚಟ್ನಿಪುಡಿ ಬಂದರೆ, "ಅಕ್ಕಾ, ಒಂಚೂರು ಸ್ಯಾಂಪಲ್ ಹಾಕ್ರಿ" ಅನ್ನುತ್ತಿದ್ದರು. ನಾಲ್ಕು ಹನಿ ಮಳೆ ಬಿದ್ದು ನಿಂತರೆ ಅದೂ ಸ್ಯಾಂಪಲ್ಲೇ. ಸ್ವಲ್ಪ ತಿಕ್ಕಲಾಗಿ ಆಡುವ ಮನುಷ್ಯ ಎದುರಿಗೆ ಬಂದರೆ, "ಅದೊಂದು ಸ್ಯಾಂಪಲ್ ಬಿಡಲೇ" ಅಂತ ನಗುತ್ತಿದ್ದರು. ಒಮ್ಮೆ ಕಮಲಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನವರೊಬ್ಬರು ಪರಿಚಯವಿಲ್ಲ ಪಾಡಿಲ್ಲ, ಪಂಚೆಯ ಗಂಟು ಬಿಚ್ಚಿ ಒಂದು ಕರೀ ಕಲ್ಲು ತೆಗೆದು, "ತಂಗಿ, ಲ್ಯಾಬಿನಾಗ ಕೆಲಸ ಮಾಡ್ತೀಯಂತ, ಇದು ಯಾವ ಗ್ರೇಡ್ ಆದೀತು ನೋಡವ್ವಾ" ಅಂದಿದ್ದರು. ಅವರ ಹೊಲದ ಬದುವಿನಲ್ಲಿ ಸಿಕ್ಕಿತ್ತಂತೆ. ಕೈಯಲ್ಲಿ ಹಿಡಿದು ನೋಡಿ ಹೇಳೋಕೆ ನಾನೇನು ಗಿಣಿಶಾಸ್ತ್ರದವಳೇ?

ನಾನು ಆ ಪದದಿಂದಲೇ ಅನ್ನ ತಿಂದವಳು. ಅದಿರು ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ನಮ್ಮ ಲ್ಯಾಬಿನ ಚೀಟಿಗಳ ಮೇಲೆ ಶುದ್ಧ ಕನ್ನಡದಲ್ಲಿ 'ಮಾದರಿ' ಅಂತ ಅಚ್ಚು ಹಾಕಿಸಿದ್ದರು, ಆದರೆ ಒಂದು ನರಪಿಳ್ಳೆಯೂ ಹಾಗೆ ಅಂದದ್ದು ನಾನು ಕೇಳಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತಿತ್ತು. ಮಾದರಿ ಶಾಲೆ, ಮಾದರಿ ಸೊಸೆ ಅಂತೇವಲ್ಲ, ಆ ಪದ ಬಂದ ಕೂಡಲೇ ಅದು ಚೆನ್ನಾಗಿರಲೇಬೇಕು. ಬ್ರೋಕರುಗಳ ಕರವಸ್ತ್ರದಲ್ಲಿ ಇರುತ್ತಿದ್ದದ್ದು ಅಂಥದ್ದು, ಗುಡ್ಡೆಯಲ್ಲೇ ಭಾಳ ಹೊಳೆಯುವ ಕಲ್ಲನ್ನು ಆರಿಸಿ ತಂದದ್ದು. ಲ್ಯಾಬಿಗೆ ಬೇಕಾದ ಸ್ಯಾಂಪಲ್ ಬೇರೆ. ಗುಡ್ಡೆಯಲ್ಲಿ ಮಣ್ಣಿದ್ದರೆ ಅದರಲ್ಲೂ ಮಣ್ಣಿರಬೇಕು, ಬೆಣಚುಕಲ್ಲಿದ್ದರೆ ಬೆಣಚುಕಲ್ಲು ಇರಬೇಕು. ಅಷ್ಟು ದೊಡ್ಡ ಗುಡ್ಡೆಗೆ ಮಾತು ಬರುವುದಿಲ್ಲ, ಅದರ ಪರವಾಗಿ ಒಂದು ಪೊಟ್ಟಣ ಪುಡಿ ಮಾತಾಡಬೇಕು. ಅಷ್ಟೇ ಅದರ ಕೆಲಸ.

ಲ್ಯಾಬಿನ ಮಾಲೀಕರನ್ನು ಎಲ್ಲರೂ ಸಾಹುಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕಂಪ್ಲಿಯಲ್ಲಿ ಅವರ ಅಜ್ಜನ ಕಾಲದ ಅಕ್ಕಿ ಗಿರಣಿ ಇತ್ತು. ಅದಿರಿನ ಗಾಳಿ ಬೀಸಿದಾಗ ಎಲ್ಲರೂ ಲಾರಿ ಕೊಂಡರೆ ಇವರು ಲ್ಯಾಬ್ ತೆರೆದರು. "ಲಾರಿ ಮಂದಿ ಭಾಳ ಅದಾರ, ಸತ್ಯ ಹೇಳಾವ್ರು ಕಮ್ಮಿ" ಅನ್ನುವುದು ಅವರ ವಾದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ನಾನು ಒಂದು ದಿನವೂ ನೋಡಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಹೆಣ್ಣುಮಗಳು ಆಸಿಡ್ ಹೊಗೆಯಲ್ಲಿ ಏನು ಮಾಡುತ್ತಾಳೆ ಅಂತ ಬೇರೆ ಲ್ಯಾಬಿನವರು ನನ್ನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದಾಗ, ಇವರು ಬೀಗದ ಕೈಯನ್ನೇ ನನ್ನ ಕೈಗೆ ಕೊಟ್ಟಿದ್ದರು.

ನಮ್ಮ ಲ್ಯಾಬಿನ ಪರವಾಗಿ ಯಾರ್ಡಿನಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದವನು ಗಾದಿಗನೂರಿನ ಮೇಸ್ತ್ರಿ. ನಡುವಯಸ್ಸಿನ, ಕಡ್ಡಿಯಂಥ ಮನುಷ್ಯ. ಮಾತು ಕಮ್ಮಿ, ಆಡಿದರೆ ನೆಟ್ಟಗೆ ಎದೆಗೆ ತಾಗುವಂತೆ ಆಡುತ್ತಿದ್ದ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಬಂದು ರೈಲು ಸೈಡಿಂಗಿನ ಪಕ್ಕದ ಯಾರ್ಡಿನಲ್ಲಿ ಅದಿರು ಸುರಿಯುತ್ತಿದ್ದವು. ಮೇಸ್ತ್ರಿ ಮತ್ತು ಅವನ ಜೊತೆಯವರು ಗುಡ್ಡೆಯ ಬುಡ, ನಡು, ನೆತ್ತಿ ಎಲ್ಲಾ ಕಡೆಯಿಂದ ಸಲಿಕೆಯಿಂದ ಎತ್ತಿ, ಒಂದು ತಗಡಿನ ಮೇಲೆ ಗೋಪುರ ಮಾಡಿ, ಅದನ್ನು ರೊಟ್ಟಿಯಂತೆ ತಟ್ಟಿ ನಾಲ್ಕು ಭಾಗ ಮಾಡುತ್ತಿದ್ದರು. ಎದುರುಬದುರು ಎರಡು ಭಾಗ ಬಿಸಾಡಿ, ಉಳಿದೆರಡನ್ನು ಮತ್ತೆ ಗೋಪುರ, ಮತ್ತೆ ರೊಟ್ಟಿ. ಹೀಗೆ ಕರಗಿಸುತ್ತಾ ಒಂದು ಚೀಲಕ್ಕೆ ಇಳಿಸಿ, ಮಾರುವವರ ಮತ್ತು ಕೊಳ್ಳುವವರ ಎದುರಿಗೇ ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿ ಲ್ಯಾಬಿಗೆ ಕಳಿಸಬೇಕು. ಅಲ್ಲಿಗೆ ಅವನ ಕೆಲಸ ಮುಗಿಯಿತು.

ಚೀಲ ಒಳಗೆ ಬಂದ ಮೇಲೆ ನನ್ನ ಪಾಳಿ. ಕಲ್ಲನ್ನು ಕ್ರಷರಿನಲ್ಲಿ ಜೋಳದ ಕಾಳಿನಷ್ಟು ಒಡೆದು, ಒಲೆಯಲ್ಲಿ ಒಣಗಿಸಿ, ಅರ್ಧವನ್ನು ಮೀಸಲು ಚೀಲಕ್ಕೆ ಕಟ್ಟಿ ಕಪಾಟಿನ ಮೇಲಿಡುತ್ತಿದ್ದೆವು. ಉಳಿದರ್ಧದಿಂದ ಒಂದು ಬೊಗಸೆ ಪಲ್ವರೈಸರಿಗೆ ಹೋಗುತ್ತಿತ್ತು. ಅದು ಉಕ್ಕಿನ ಬಟ್ಟಲಲ್ಲಿ ಉಕ್ಕಿನ ಗುಂಡನ್ನು ಗಡಗಡ ಅಲ್ಲಾಡಿಸಿ ಅದಿರನ್ನು ಮುಖದ ಪೌಡರಿನಷ್ಟು ನುಣ್ಣಗೆ ಮಾಡುವ ಯಂತ್ರ. ಆ ಪುಡಿಯನ್ನು ಮೂರು ಪೊಟ್ಟಣ ಮಾಡುತ್ತಿದ್ದೆವು. ಒಂದು ನಮ್ಮ ಪರೀಕ್ಷೆಗೆ, ಒಂದು ಕೊಳ್ಳುವವರಿಗೆ, ಮೂರನೆಯದು ಜಗಳ ಬಂದರೆ ತೆರೆಯಲು ಮುದ್ರೆ ಹಾಕಿ ಇಟ್ಟದ್ದು. ಅದಕ್ಕೆ ಅಂಪೈರ್ ಸ್ಯಾಂಪಲ್ ಅನ್ನುತ್ತಿದ್ದರು.

ಜಗಳ ಬಂತು.

ಆವತ್ತು ಅಮಾವಾಸ್ಯೆ. ಹೊಸಪೇಟೆಯಲ್ಲಿ ಅಮಾವಾಸ್ಯೆ ಬಂದರೆ ಲಾರಿಗಳಿಗೆಲ್ಲ ನಿಂಬೆಹಣ್ಣು, ಕುಂಕುಮ, ಟಯರಿನ ಮುಂದೆ ಒಡೆದ ತೆಂಗಿನಕಾಯಿ. ನಾನು ಲ್ಯಾಬಿಗೆ ಹೋದಾಗ ಊದಿನಕಡ್ಡಿಯ ವಾಸನೆ ಇನ್ನೂ ಇತ್ತು. ಸಾಹುಕಾರ್ರು ಪ್ರತಿ ಅಮಾವಾಸ್ಯೆ ನಾವು ಬರುವುದಕ್ಕೂ ಮುಂಚೆ ಬಂದು ತಾವೇ ಪೂಜೆ ಮಾಡಿ ಹೋಗುತ್ತಿದ್ದರು. ಮೊದಲಿಗೆ ಅರೆದದ್ದು ಸಂಡೂರಿನ ಒಂದು ಗಣಿಯ ದೊಡ್ಡ ಗುಡ್ಡೆಯ ಸ್ಯಾಂಪಲ್. ಅದನ್ನು ತುಂಬಲು ರೇಕ್, ಅಂದರೆ ಗೂಡ್ಸ್ ರೈಲು, ಬರುವುದರಲ್ಲಿತ್ತು. ಅತ್ತ ಬಂದರಿನಲ್ಲಿ ಹಡಗು ಕಾಯುತ್ತಿತ್ತು.

ರಂಜಕ, ಅಂದರೆ ಫಾಸ್ಫರಸ್, ಮಿತಿ ದಾಟಿ ಬಂತು. ಅದಿರಿನಲ್ಲಿ ರಂಜಕ ಎಷ್ಟಿರಬಹುದು ಅನ್ನುವುದು ಕರಾರಿನಲ್ಲಿ ಕೂದಲೆಳೆ ಲೆಕ್ಕದಲ್ಲಿ ಬರೆದಿರುತ್ತದೆ. ಜಾಸ್ತಿಯಾದರೆ ಉಕ್ಕು ಪೆಡಸಾಗುತ್ತದೆ, ಸರಕು ರಿಜೆಕ್ಟ್. ಆ ಗಣಿಯ ಅದಿರಿನಲ್ಲಿ ನಾನು ಅಷ್ಟು ರಂಜಕ ಕಂಡವಳೇ ಅಲ್ಲ. ಇನ್ನೊಮ್ಮೆ ಮಾಡಿದೆ. ಅಷ್ಟೇ ಬಂತು. ಕೊಳ್ಳುವವರ ಪೊಟ್ಟಣ ಬೇರೆ ಲ್ಯಾಬಿಗೆ ಹೋಗಿತ್ತು. ಅಲ್ಲಿಯೂ ಅಷ್ಟೇ.

ಮರುದಿನ ಕೊಳ್ಳುವ ಕಂಪನಿಯ ಪ್ರತಿನಿಧಿ ಬಂದು ನನ್ನ ಟೇಬಲ್ಲಿನ ಮುಂದೆ ಕೂತರು. ಬೆಂಗಳೂರಿನ ಕಡೆಯವರು, ದನಿ ಎತ್ತದೆ ಮಾತಾಡುವ ಜನ. "ನೋಡಿ ಮೇಡಂ, ನಮಗೆ ಯಾರ ಮೇಲೂ ಡೌಟ್ ಇಲ್ಲ. ಅಂಪೈರ್ ಓಪನ್ ಮಾಡಿ, ಅದೇ ಫೈನಲ್" ಅಂದರು. ಅವರ ಎದುರಿಗೇ ಮುದ್ರೆ ಒಡೆದೆ. ಅವರ ಎದುರಿಗೇ ಪರೀಕ್ಷೆ ಮಾಡಿದೆ. ಕೊನೆಯಲ್ಲಿ ರಂಜಕದ ಹಳದಿ ಗಸಿ ಬೀಕರಿನ ತಳದಲ್ಲಿ ಕೂತಾಗಲೇ ನನಗೆ ಗೊತ್ತಾಯಿತು, ಅದೂ ಅಷ್ಟೇ.

ಗಣಿಯವರು, "ನಮ್ಮ ಗುಡ್ಡೆ ಚೊಕ್ಕ ಐತಿ, ಬೇಕಾದ್ರ ಅಗದು ನೋಡ್ರಿ" ಅಂತ ಹಟ ಹಿಡಿದರು. ಮೂರೂ ಪೊಟ್ಟಣ ಒಂದೇ ಮಾತು ಹೇಳಿದ ಮೇಲೆ ಪರೀಕ್ಷೆ ತಪ್ಪಲ್ಲ. ಗುಡ್ಡೆಯೂ ತಪ್ಪಲ್ಲ ಅಂದರೆ ಉಳಿದದ್ದು ಒಂದೇ, ಸ್ಯಾಂಪಲ್. ಸ್ಯಾಂಪಲ್ ಅಂದರೆ ಮೇಸ್ತ್ರಿ. ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರೂ ಅಲ್ಲಿಗೆ ಬಂದು ನಿಂತರು. ಪ್ರತಿನಿಧಿಯೇ ಮೊದಲು ಹೇಳಿದರು, "ಅವನಿಗೆ ಹೊಲ ಇದೆಯಂತೆ. ಮನೆಯಲ್ಲಿ ಗೊಬ್ಬರ ಇರುತ್ತೆ. ಒಂದು ಮುಷ್ಟಿ ಸೂಪರ್ ಫಾಸ್ಫೇಟ್ ಸಾಕು ಮೇಡಂ. ಗಣಿಯವರಿಗೆ ಆಗದ ಇನ್ನೊಂದು ಪಾರ್ಟಿ ದುಡ್ಡು ಕೊಟ್ಟು ಅವನನ್ನ ಹಿಡಿದಿರಬೇಕು."

ಸಾಹುಕಾರ್ರು ಎದ್ದವರೇ ಜೀಪು ಹತ್ತಿದರು. ನನಗೆ ಗಾಬರಿಯಾಗಿ ನಾನೂ ಹಿಂದೆ ಹತ್ತಿದೆ. ಯಾರ್ಡಿನಲ್ಲಿ ಲಾರಿಗಳು ಸಾಲು ನಿಂತಿದ್ದವು, ಡ್ರೈವರು ಕ್ಲೀನರುಗಳು ನೆರಳಲ್ಲಿ ಕೂತು ಊಟ ಮಾಡುತ್ತಿದ್ದರು. ಮೇಸ್ತ್ರಿ ತಗಡಿನ ಮುಂದೆ ಬಗ್ಗಿದ್ದ.

"ಎಷ್ಟು ಮಂದಿ ಮನಿ ಉಪ್ಪು ತಿಂದೀಯಲೇ?" ಸಾಹುಕಾರ್ರ ದನಿ ಇಡೀ ಯಾರ್ಡಿಗೆ ಕೇಳಿತು. "ನನ್ನ ಲ್ಯಾಬಿನ ಹೆಸರಿಗೆ ಮಣ್ಣು ಹಾಕಿದಿ! ಸ್ಯಾಂಪಲ್ ಕಳ್ಳ!"

ಮೇಸ್ತ್ರಿ ನೆಟ್ಟಗೆ ನಿಂತ. "ಸಾಹುಕಾರ್ರ, ನಾ ಏನೂ ಕಲಸಿಲ್ರಿ. ಗುಡ್ಡಿ ಕೊಟ್ಟದ್ದ ತಂದೀನ್ರಿ."

"ಗುಡ್ಡಿ ಬಂದು ಸಾಕ್ಷಿ ಹೇಳ್ತೈತೇನು? ಇಡಲೇ ಸಲಿಕಿ ಕೆಳಗ. ರೇಕ್ ತುಂಬೋದ್ರಾಗ ನೀ ಒಪ್ಪಿದಿ ಸರಿ, ಇಲ್ಲಾಂದ್ರ ಸ್ಟೇಷನ್‌ನಾಗ ಒಪ್ಪತಿ."

ಸಾಹುಕಾರ್ರು ತಾವೇ ಅವನ ಕೈಯಿಂದ ಸಲಿಕೆ ಕಸಿದು ಜೀಪಿಗೆ ಎಸೆದರು. ಊಟ ಮಾಡುತ್ತಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಮೇಸ್ತ್ರಿ ಹೆಗಲ ಟವೆಲ್ಲನ್ನು ತೆಗೆದು ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆದ. ಸ್ಯಾಂಪಲ್ ಕೆಡಿಸಿದವ ಅಂತ ಹೆಸರು ಬಿದ್ದವನನ್ನು ಆ ಕಾಲದಲ್ಲಿ ಸಂಡೂರಿನಿಂದ ಹೊಸಪೇಟೆಯವರೆಗೆ ಯಾವ ಯಾರ್ಡಿನವನೂ ಗೇಟಿನೊಳಗೆ ಬಿಡುತ್ತಿರಲಿಲ್ಲ. ಮೇಲಿಂದ ಪೊಲೀಸು ಬೇರೆ.

ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡೆ. ನನಗೆ ಸಿಟ್ಟು ಬಂದರೆ ಕೆಲಸ ಚೆನ್ನಾಗಿ ಆಗುತ್ತದೆ, ಅದೊಂದು ನನ್ನ ದೊಡ್ಡ ಗುಣ. ಕಲಸಿದ್ದಾನೆ ಅಂತೀರಲ್ಲ, ಏನು ಕಲಸಿದ್ದಾನೆ ಹೇಳಿ ಅಂತ ಪುಡಿಯನ್ನೇ ಕೇಳಲು ಕೂತೆ. ಕಳಪೆ ಅದಿರು ಬೆರೆಸಿದ್ದರೆ ಕಬ್ಬಿಣ ಬಿದ್ದುಹೋಗಬೇಕಿತ್ತು, ಬಿದ್ದಿರಲಿಲ್ಲ. ಗೊಬ್ಬರವಾದರೆ ಅದರಲ್ಲಿ ಸುಣ್ಣದ ಅಂಶ ಇರಬೇಕು. ಸಂಡೂರಿನ ಈ ಅದಿರಿನಲ್ಲಿ ಸುಣ್ಣ ಹುಡುಕಿದರೂ ಸಿಗದು, ಹಾಗಾಗಿ ನಾವು ಅದನ್ನು ನೋಡುತ್ತಲೂ ಇರಲಿಲ್ಲ. ಕಬ್ಬಿಣವನ್ನೆಲ್ಲ ಅಮೋನಿಯ ಹಾಕಿ ತೆಗೆದು, ಸೋಸಿ, ತಿಳಿನೀರಿಗೆ ಆಕ್ಸಲೇಟ್ ಬಿಟ್ಟೆ, ಸುಣ್ಣವಿದ್ದರೆ ಅದು ಬೆಳ್ಳಗೆ ಗಸಿ ಕಟ್ಟಿಸುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೀರು ಮಬ್ಬಾಗಿ, ಬೆಳ್ಳಗೆ ಗಸಿ ಇಳಿಯತೊಡಗಿತು.

ಅಯ್ಯೋ ಶಿವನೇ ಅಂದುಕೊಂಡೆ. ಅವನನ್ನು ಉಳಿಸಲು ಹೋಗಿ ಅವನ ಕುತ್ತಿಗೆಗೆ ನಾನೇ ಹಗ್ಗ ಹೊಸೆದಿದ್ದೆ. ರಂಜಕವೂ ಇದೆ, ಸುಣ್ಣವೂ ಇದೆ, ಇನ್ನೇನು ಬೇಕು, ಗೊಬ್ಬರವೇ ಅಂತಾರೆ. ಅಷ್ಟರಲ್ಲಿ ಪ್ರತಿನಿಧಿ ಫೋನ್ ಮಾಡಿ, "ಏನಾದರೂ ಸಿಕ್ಕಿತಾ ಮೇಡಂ?" ಅಂತ ಕೇಳಿದರು. ಇನ್ನೂ ಮಾಡ್ತಾ ಇದೀನಿ ಅಂತ ಫೋನ್ ಇಟ್ಟೆ.

ಗಸಿಯನ್ನು ರಾತ್ರಿಯೆಲ್ಲ ಒಲೆಯಲ್ಲಿ ಒಣಗಲು ಬಿಟ್ಟು, ಮರುದಿನ ಬೆಳಿಗ್ಗೆ ತೂಗಿದೆ. ಲೆಕ್ಕ ಕೂಡಲಿಲ್ಲ. ಗೊಬ್ಬರದಲ್ಲಿ ರಂಜಕಕ್ಕೂ ಸುಣ್ಣಕ್ಕೂ ಒಂದು ಹೊಂದಾಣಿಕೆ ಇರುತ್ತದೆ. ಇಲ್ಲಿ ಸುಣ್ಣ ಎಷ್ಟೋ ಪಾಲು ಹೆಚ್ಚಿತ್ತು. ಆಗ ಒಂದು ಸಂಗತಿ ನೆನಪಾಯಿತು. ಮೊದಲ ದಿನ ಪುಡಿಗೆ ಆಸಿಡ್ ಹಾಕಿದಾಗ ಅದು ಸಣ್ಣಗೆ ಬುಸ್ ಅಂದಿತ್ತು, ನಾಲ್ಕಾರು ಗುಳ್ಳೆ ಎದ್ದಿದ್ದವು. ಧೂಳಿರಬೇಕು ಅಂತ ಬಿಟ್ಟಿದ್ದೆ. ಕಬ್ಬಿಣದ ಅದಿರು ಬುಸ್ ಅನ್ನುವುದಿಲ್ಲ. ಸೂಪರ್ ಫಾಸ್ಫೇಟ್ ಕೂಡ ಅನ್ನುವುದಿಲ್ಲ. ಬುಸ್ ಅನ್ನುವುದು ಸೀಮೆಸುಣ್ಣ, ಬೂದಿ, ಅಂಥವು.

ಕಪಾಟಿನ ಮೇಲೆ ಮೀಸಲು ಚೀಲ ಕೂತಿತ್ತು. ಅದನ್ನು ಯಾರೂ ಕೇಳುವುದಿಲ್ಲ, ಕರಾರಿನಲ್ಲಿ ಅದರ ಹೆಸರೂ ಇಲ್ಲ. ಆದರೆ ಅದೂ ಮೇಸ್ತ್ರಿ ಹೊಲಿದು ಕಳಿಸಿದ ಅದೇ ಚೀಲದ ಅರ್ಧ, ಪಲ್ವರೈಸರಿನ ಬಾಯಿಗೆ ಬೀಳದ ಅರ್ಧ. ಯಂತ್ರ ಮುಟ್ಟದೆ ಒಂದು ಹಿಡಿಯನ್ನು ಕಬ್ಬಿಣದ ಕಲಬತ್ತಿನಲ್ಲಿ ಕೈಯಿಂದಲೇ ಕುಟ್ಟಿದೆ. ರಟ್ಟೆ ಬಿದ್ದುಹೋಯಿತು. ಆಸಿಡ್ ಹಾಕಿದೆ, ಬುಸ್ ಅನ್ನಲಿಲ್ಲ. ಆಕ್ಸಲೇಟ್ ಬಿಟ್ಟೆ, ನೀರು ಕನ್ನಡಿಯ ಹಾಗೆ ನಿಂತಿತು. ರಂಜಕ ನೋಡಿದೆ, ಎಂದಿನಷ್ಟೇ, ಮಿತಿಗಿಂತ ಸಾಕಷ್ಟು ಕೆಳಗೆ. ಖುಷಿಗೆ ಒಬ್ಬಳೇ ಜೋರಾಗಿ ನಕ್ಕೆ.

ನಗು ಅಲ್ಲಿಗೇ ನಿಂತಿತು. ಮೇಸ್ತ್ರಿ ತಂದದ್ದು ಶುದ್ಧವಾಗಿತ್ತು ಅಂದರೆ ಕೆಟ್ಟದ್ದು ಲ್ಯಾಬಿನೊಳಗೆ. ಅರೆದವಳು ನಾನು. ಅಮಾವಾಸ್ಯೆಯ ದಿನ ಆಮೇಲೆ ಅರೆದ ಬೇರೆ ಗುಡ್ಡೆಗಳ ಪುಡಿಯನ್ನೂ ತೆಗೆದು ನೋಡಿದೆ. ಎರಡನೆಯದರಲ್ಲಿ ಬಿಳಿ ಗಸಿ ತೆಳ್ಳಗಿತ್ತು, ಮೂರನೆಯದರಲ್ಲಿ ಇನ್ನೂ ತೆಳ್ಳಗೆ, ಆಮೇಲೆ ಇಲ್ಲವೇ ಇಲ್ಲ. ಯಂತ್ರದಲ್ಲಿ ಏನೋ ಇತ್ತು, ಸುತ್ತು ಸುತ್ತಿಗೂ ತೊಳೆದು ಹೋಗಿತ್ತು. ಪಲ್ವರೈಸರಿನ ಮುಚ್ಚಳ ತಿರುಗಿಸಿ, ಅದರ ರಬ್ಬರ್ ಬಳೆಯನ್ನು ಚಾಕುವಿನಿಂದ ಎತ್ತಿದೆ. ಸಂದಿಯಲ್ಲಿ ಬೂದುಬಿಳಿ ಪುಡಿ ಕೂತಿತ್ತು. ಮೂಗಿಗೆ ಹಿಡಿದೆ. ಪಚ್ಚಕರ್ಪೂರದ ವಾಸನೆ.

ಆ ವಾಸನೆ ನನಗೆ ಗೊತ್ತಿತ್ತು. ಸಾಹುಕಾರ್ರು ಪಕ್ಕದಲ್ಲಿ ಹಾದುಹೋದರೆ ಬರುತ್ತಿದ್ದ ವಾಸನೆ ಅದು. ಕಂಪ್ಲಿಯ ಗಿರಣಿಯಲ್ಲಿ ಅವರು ಅಮಾವಾಸ್ಯೆ ಪೂಜೆ ಮಾಡುವುದನ್ನು ನಾನೊಮ್ಮೆ ನೋಡಿದ್ದೆ. ಯಂತ್ರದ ಹಣೆಗೆ ಮೂರು ಬೆರಳು ಎಳೆದು, ಕಾಯಿ ಒಡೆದು, ಕೊನೆಗೆ ಒಂದು ಚಿಟಿಕೆ ವಿಭೂತಿಯನ್ನು ಭತ್ತ ಬೀಳುವ ಬಾಯಿಗೇ ಹಾಕುತ್ತಿದ್ದರು, ಮೊದಲ ತುತ್ತು ಶಿವನದು ಅಂತ. ಅಕ್ಕಿಗೆ ಒಂದು ಚಿಟಿಕೆ ವಿಭೂತಿ ಬಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಈ ಪಲ್ವರೈಸರ್ ಹೊಸದು, ಅದಕ್ಕೂ ಮುಂಚೆ ಕಲಬತ್ತಿನಲ್ಲೇ ಕುಟ್ಟುತ್ತಿದ್ದೆವು. ಇದು ಬಂದ ಮೇಲೆ ಮೊದಲನೇ ಅಮಾವಾಸ್ಯೆ. ಹೊಸ ಯಂತ್ರಕ್ಕೆ ಮೊದಲ ತುತ್ತು ಕೊಡದೆ ಬಿಡುವ ಮನುಷ್ಯರಲ್ಲ ಅವರು. ಹಸುವಿನ ಸಗಣಿಯ ಬೂದಿಯಲ್ಲಿ ರಂಜಕ ಇರುತ್ತದೆ, ಉಂಡೆ ಕಟ್ಟಲು ಬೆರೆಸುವ ಸೀಮೆಸುಣ್ಣದಲ್ಲಿ ಸುಣ್ಣ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೇಳದೇ ಇರಬಹುದಿತ್ತು. ಪೊಟ್ಟಣಗಳ ಚೀಟಿ ಅದಲುಬದಲಾಗಿತ್ತು, ರಿಸಲ್ಟ್ ತಿದ್ದಿ ಕೊಡುತ್ತೇವೆ ಅಂದರೆ ಸರಕು ಹೋಗುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಆದರೆ ಮೇಸ್ತ್ರಿಯ ಹೆಸರು ಯಾರ್ಡಿನ ಮಧ್ಯದಲ್ಲಿ ಬಿದ್ದಿತ್ತು, ಅದನ್ನು ಎತ್ತುವವರು ಯಾರು? ಕೀಲಿಕೈ ಕೊಟ್ಟ ಮನುಷ್ಯನ ಮುಂದೆ, ನಿಮ್ಮ ಶಿವನ ವಿಭೂತಿಯೇ ಇದಕ್ಕೆಲ್ಲ ಕಾರಣ ಅಂತ ಹೇಗೆ ಹೇಳಲಿ? ನೀರು ಕುಡಿದೆ. ರೇಕ್ ಸಂಜೆಗೆ ಬರುತ್ತದೆ ಅಂತ ಯಾರೋ ಹೊರಗೆ ಕೂಗುತ್ತಿದ್ದರು. ಎದ್ದು ಕ್ಯಾಬಿನ್ನಿಗೆ ಹೋದೆ.

ಹೇಳಿದ್ದನ್ನು ಅವರು ಪೂರ್ತಿ ಕೇಳಲೂ ಇಲ್ಲ.

"ಏನಂದಿ? ವಿಭೂತಿಗೆ ದೋಷ ಹಚ್ತೀಯೇನವ್ವಾ?" ಕುರ್ಚಿ ಹಿಂದಕ್ಕೆ ಬಿತ್ತು. "ನಮ್ಮಜ್ಜನ ಕಾಲದಿಂದ ಹಾಕ್ಕೋತ ಬಂದೀವಿ. ಒಂದು ಯಂತ್ರ ಕೆಟ್ಟಿಲ್ಲ, ಒಂದು ಚೀಲ ವಾಪಸ್ ಬಂದಿಲ್ಲ. ನಾಲ್ಕು ಅಕ್ಷರ ಕಲ್ತು ದೇವ್ರನ್ನ ಪರೀಕ್ಷಾ ಮಾಡಾಕ ಬಂದಿಯೇನು?"

"ದೇವ್ರನ್ನ ಅಲ್ರಿ ಸಾಹುಕಾರ್ರ, ಬೂದಿನ್ನ" ಅಂದೆ. ಬಾಯಿ ತಪ್ಪಿ ಬಂತು. ಆದರೆ ಬಂದದ್ದು ಬಂತು. "ನನ್ನ ಮಾತು ನಂಬಬ್ಯಾಡ್ರಿ. ಒಳಗ ಬರ್ರಿ. ನಿಮ್ಮ ಕೈಯಾರೆ ಹಾಕ್ರಿ, ನಿಮ್ಮ ಕಣ್ಣಾರೆ ನೋಡ್ರಿ. ಆಮ್ಯಾಲೆ ನನ್ನ ಹೊರಗ ಹಾಕೋದಿದ್ರ ಹಾಕ್ರಿ."

ಬಂದರು. ನನ್ನ ಮೇಲಿನ ಸಿಟ್ಟಿಗೇ ಬಂದರು ಅನ್ನಿ. ಬಟ್ಟಲನ್ನು ತೊಳೆದು ಒರೆಸಿ, ಮೀಸಲು ಚೀಲದ ಅದಿರು ಹಾಕಿ ಅರೆದು ಪಕ್ಕಕ್ಕಿಟ್ಟೆ. ಎರಡನೇ ಸಲ ಅಷ್ಟೇ ಅದಿರು ಹಾಕಿ, ದೇವರ ಗೂಡಿನಿಂದ ವಿಭೂತಿ ಉಂಡೆ ತಂದು ಅವರ ಮುಂದೆ ಹಿಡಿದೆ. "ಆವತ್ತು ಎಷ್ಟು ಹಾಕಿದ್ರಿ, ಅಷ್ಟ ಹಾಕ್ರಿ" ಅಂದೆ. ಅವರು ಉಂಡೆಯನ್ನು ಉಜ್ಜಿ, ಮುಚ್ಚಳದ ಒಳಗೆ ಮೂರು ಬೆರಳು ಎಳೆದು, ಒಂದು ಚಿಟಿಕೆ ಬಟ್ಟಲಿಗೆ ಹಾಕಿದರು. ಹಾಕುವಾಗ ತುಟಿ ಅಲ್ಲಾಡುತ್ತಿತ್ತು. ಆ ಹೊತ್ತಿನಲ್ಲೂ ಅವರು ಶಿವನ ಹೆಸರು ಬಿಡಲಿಲ್ಲ.

ಎರಡು ಬೀಕರು ಅಕ್ಕಪಕ್ಕ ಇಟ್ಟು ಕೆಲಸ ಮಾಡಿದೆ. ಆಸಿಡ್ ಹಾಕಿದಾಗ ಒಂದು ಸುಮ್ಮನಿತ್ತು, ಇನ್ನೊಂದು ಬುಸ್ ಅಂದಿತು. ಸಾಹುಕಾರ್ರು ಬಗ್ಗಿ ನೋಡಿದರು. ಸೋಸುವುದಕ್ಕೆ, ಕಾಯಿಸುವುದಕ್ಕೆ, ಆರಿಸುವುದಕ್ಕೆ ಹೊತ್ತು ಹಿಡಿಯಿತು. ಅವರು ನಿಂತೇ ಇದ್ದರು, ಕುಂದ್ರಿ ಅಂದರೂ ಕೂರಲಿಲ್ಲ. ಕೊನೆಗೆ ರಂಜಕವನ್ನು ಹಳದಿಯಾಗಿ ತೋರಿಸುವ ಮಾಲಿಬ್ಡೇಟ್ ಹಾಕಿ ಅಲ್ಲಾಡಿಸಿದೆ. ಒಂದರ ತಳದಲ್ಲಿ ಹಳದಿ ಮಿಣುಕಿದಂತೆ ಇತ್ತು. ಇನ್ನೊಂದರಲ್ಲಿ ಹಳದಿ ಎದ್ದು ಕಾಣುವಂತೆ ಕೂತಿತು.

ಅವರು ಹಣೆಯ ಮೇಲೆ ಕೈ ಇಟ್ಟುಕೊಂಡು, ತೆಗೆದು, ಬೆರಳಿಗೆ ಅಂಟಿದ್ದನ್ನು ನೋಡಿದರು.

"ಯಾರಿಗೂ ಹೇಳಿಯೇನು?" ಅಂತ ಕೇಳಿದರು. ದನಿ ಇಳಿದಿತ್ತು.

"ಇಲ್ರಿ."

"ಹೇಳಬ್ಯಾಡ. ಲ್ಯಾಬಿನವನೇ ಸ್ಯಾಂಪಲ್ ಕೆಡಿಸ್ಯಾನ ಅಂದ್ರ ನಾಳಿ ಯಾರು ಚೀಲ ಕಳಿಸ್ತಾರ? ಚೀಟಿ ಅದಲಬದಲ ಆಗಿತ್ತು ಅಂತ ಬರಿ. ಹೊಸ ರಿಸಲ್ಟ್ ಕೊಡು, ಸರಕು ಹೋಗ್ಲಿ. ಮೇಸ್ತ್ರಿನ್ನ ಕರಸು. ನಾನ ಮಾತಾಡ್ತೀನಿ."

ಕೊಳ್ಳುವವರ ಎದುರಿಗೆ ಯಾರ್ಡಿನಲ್ಲಿ ಹೊಸ ಸ್ಯಾಂಪಲ್ ತೆಗೆದು ಹೊಸದಾಗಿ ಪರೀಕ್ಷೆ ಮಾಡಬೇಕು, ಸುಮ್ಮನೆ ಹಾಳೆ ತಿದ್ದುವವಳು ನಾನಲ್ಲ ಅಂದೆ. ಅದಕ್ಕೆ ಒಪ್ಪಿದರು. ಚೀಟಿಯ ಸುಳ್ಳಿಗೆ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮೊದಲು ಅವನು ಬರಲಿ ಅಂತ ಜೀಪು ತೆಗೆಸಿಕೊಂಡು ಗಾದಿಗನೂರಿಗೆ ಹೋದೆ.

ಮೇಸ್ತ್ರಿ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಜೀಪು ನೋಡಿದ ಕೂಡಲೇ ಅವನ ಹೆಂಡತಿ ಒಳಗಿನಿಂದ ಓಡಿ ಬಂದು ಅವನ ಮುಂದೆ ನಿಂತಳು. ಪೊಲೀಸರು ಅಂದುಕೊಂಡಿರಬೇಕು. "ನಮ್ಮ ಮನಿಯಾಗ ಗೊಬ್ಬರ ಐತೇನು ಅಂತ ಇಬ್ರು ಬಂದು ಕೇಳಿ ಹೋದ್ರು ಮೇಡಮ್ಮಾರ. ಓಣಿ ಮಂದಿಯೆಲ್ಲಾ ನೋಡಿದ್ರು. ಇನ್ನೇನು ಹುಡುಕಾಕ ಬಂದೀರಿ?" ಅಂದಳು. ನಾನು ಮೇಸ್ತ್ರಿಗೆ ನಡೆದದ್ದೆಲ್ಲ ಹೇಳಿದೆ, ವಿಭೂತಿಯದೂ ಸೇರಿ. ಯಾರಿಗೂ ಹೇಳಬ್ಯಾಡ ಅಂದಿದ್ದರು, ನಿಜ. ಆದರೆ ಆ ಮನುಷ್ಯನಿಗೆ ಸತ್ಯದ ಅರ್ಧ ಕೊಡಲು ನನ್ನಿಂದ ಆಗಲಿಲ್ಲ. ಅವನು ಎದ್ದು ಒಳಗೆ ಹೋಗಿ, ಅಂಗಿ ಹಾಕಿಕೊಂಡು ಬಂದ.

ಕ್ಯಾಬಿನ್ನಿನಲ್ಲಿ ಸಾಹುಕಾರ್ರು ಅವನಿಗೆ ಕುರ್ಚಿ ಹಾಕಿಸಿದರು. ಚಹಾ ತರಿಸಿದರು. "ಕುಂದ್ರಪಾ" ಅಂದರು. "ಸಿಟ್ಟಿನಾಗ ಏನೋ ಅಂದೆ. ತಪ್ಪಾತು. ಮನಸ್ಸಿನಾಗ ಇಟ್ಕೋಬ್ಯಾಡ. ಈಗ ಹೊಸ ಸ್ಯಾಂಪಲ್ ತಗೀಬೇಕು, ನಡಿ."

ಮೇಸ್ತ್ರಿ ಕೂರಲಿಲ್ಲ. ಚಹಾ ಮುಟ್ಟಲಿಲ್ಲ.

"ಸಾಹುಕಾರ್ರ, ನೀವು ದೊಡ್ಡವ್ರು" ಅಂದ. "ಆದ್ರ ಇಲ್ಲಿ ಬಾಗ್ಲಾ ಹಾಕ್ಕೊಂಡು ಹೇಳಿದ್ದು ಬರೇ ಸ್ಯಾಂಪಲ್ ರೀ. ಅದೂ ಆರಿಸಿ ತಂದದ್ದು. ಗುಡ್ಡಿ ಅಲ್ಲೈತಿ, ಯಾರ್ಡಿನಾಗ. ಆವತ್ತು ಉಣ್ಣಾವ್ರು ಎಲ್ಲಾರೂ ಎದ್ದು ನಿಂತು ಕೇಳ್ಯಾರ. ನನ್ನ ಹೆಂಡ್ತಿ ನೀರಿಗೆ ಹೋದ್ರ ಮಂದಿ ಮಾತು ನಿಲ್ಲಸ್ತಾರ್ರಿ."

ಇಷ್ಟು ಹೇಳಿ ಬಾಗಿಲ ಹತ್ತಿರ ಹೋಗಿ ನಿಂತ. ಸಾಹುಕಾರ್ರ ಮುಖ ಕೆಂಪೇರಿತು. ಈಗ ಸಿಡಿದೇ ಸಿಡಿಯುತ್ತಾರೆ ಅನ್ನಿಸಿತು. ಅವರು ನನ್ನ ಕಡೆ ನೋಡಿದರು. ನಾನು ಕಣ್ಣು ಇಳಿಸಲಿಲ್ಲ. ಆಮೇಲೆ ಅವರು ಟೇಬಲ್ಲಿನ ಮೇಲಿದ್ದ ಜೀಪಿನ ಕೀ ತೆಗೆದುಕೊಂಡು, "ನಡೀರಿ" ಅಂದರು.

ಯಾರ್ಡಿಗೆ ಹೋದಾಗ ಇಳಿಹೊತ್ತು. ಲಾರಿಗಳು ಹಾಗೆಯೇ ನಿಂತಿದ್ದವು. ಪ್ರತಿನಿಧಿ ಹೊಸ ಸ್ಯಾಂಪಲ್ ನೋಡಲು ಬಂದು ಗುಡ್ಡೆಯ ಪಕ್ಕ ಫೋನ್ ಹಿಡಿದು ನಿಂತಿದ್ದರು. ಸಾಹುಕಾರ್ರು ಅವರನ್ನು ನೋಡಿ ಒಂದು ಗಳಿಗೆ ತಡೆದರು. ಅಲ್ಲಿಂದಲೇ ವಾಪಸ್ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಮೇಸ್ತ್ರಿಯ ತಗಡಿನ ಹತ್ತಿರ ಹೋಗಿ, ಆವತ್ತು ನಿಂತಿದ್ದ ಜಾಗದಲ್ಲೇ ನಿಂತು, ಆವತ್ತಿನಷ್ಟೇ ಜೋರಾಗಿ ಕೂಗಿದರು.

"ಕೇಳ್ರಪಾ ಎಲ್ಲಾರೂ! ಇವನ್ನ ಸ್ಯಾಂಪಲ್ ಕಳ್ಳ ಅಂತ ಇಲ್ಲೇ ನಿಂತು ಅಂದಿದ್ದೆ. ಇವ ಏನೂ ಮಾಡಿಲ್ಲ. ಪೂಜಾ ಮಾಡಿ ಯಂತ್ರದ ಬಾಯಿಗೆ ವಿಭೂತಿ ಹಾಕಿದವ ನಾನು. ಸ್ಯಾಂಪಲ್ ಕೆಡಿಸಿದವ ನಾನು. ಇವ ತಂದದ್ದು ಚೊಕ್ಕ ಇತ್ತು."

ಪ್ರತಿನಿಧಿ ಫೋನನ್ನು ಕಿವಿಯಿಂದ ಇಳಿಸಿ ನಮ್ಮ ಕಡೆ ನೋಡಿದರು, ಆಮೇಲೆ ಸ್ವಲ್ಪ ದೂರ ಹೋಗಿ ಮತ್ತೆ ಮಾತಾಡತೊಡಗಿದರು. ಹೊಸ ಸ್ಯಾಂಪಲ್ ಪಾಸಾಗಿ ಅದೇ ರೇಕಿನಲ್ಲಿ ಸರಕು ಹೋಯಿತು, ಆದರೆ ಆ ಕಂಪನಿ ಮತ್ತ್ಯಾವತ್ತೂ ನಮಗೆ ಒಂದು ಚೀಲ ಕಳಿಸಲಿಲ್ಲ. ಅದಾಗುತ್ತದೆ ಅಂತ ಕೂಗುವುದಕ್ಕೆ ಮುಂಚೆಯೇ ಸಾಹುಕಾರ್ರಿಗೆ ಗೊತ್ತಿತ್ತು.

ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. ನನ್ನ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು, ಅದಿರಿನ ಧೂಳು ಅಂತ ಸೆರಗಿನಿಂದ ಒರೆಸಿಕೊಂಡೆ. ಕೊನೆಗೆ ಅವನು ಹೆಗಲ ಟವೆಲ್ಲನ್ನು ತೆಗೆದು ತಲೆಗೆ ಸುತ್ತಿಕೊಂಡು, ಗುಡ್ಡೆಯನ್ನು ಬುಡದಿಂದ ನೆತ್ತಿಯವರೆಗೆ ಒಮ್ಮೆ ನೋಡಿದ.

"ಹೊತ್ತು ಮುಳಗ್ತೈತಿ. ಸಲಿಕಿ ಎಲ್ಲೈತ್ರಿ?" ಅಂದ.

ಸಲಿಕೆ ಆವತ್ತು ಎಸೆದಲ್ಲೇ, ಜೀಪಿನ ಹಿಂದುಗಡೆ ಬಿದ್ದಿತ್ತು. ಸಾಹುಕಾರ್ರು ತಾವೇ ಹೋಗಿ ತಂದುಕೊಟ್ಟರು.